ಟೋಪಿ ಹಾಕಿದವರು, ಹಾಕಿಸಿಕೊಂಡವರು

ಜಗತ್ತಿನಲ್ಲೇ ಇಲ್ಲದ ಒಂದು ತಂಡದ ಆಲ್ಬಮ್ಮನ್ನು ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, ಕೈಚೀಲದಲ್ಲಿ ಹಾಕಿಕೊಂಡು ಬರಬಹುದಿತ್ತು. ಕಣ್ಣೆದುರೇ ಇದ್ದ, ಹೆಸರಾಂತ ಗಾಯಕನೊಬ್ಬ ಹತ್ತು ವರ್ಷಕ್ಕೂ ಮೇಲೆ ‘ಇನ್ನೇನು ಬಂತು’ ಅಂತ ಹೇಳುತ್ತಲೇ ಇದ್ದ ಆಲ್ಬಮ್ಮನ್ನು ಮಾತ್ರ ಯಾವ ಅಂಗಡಿಯಲ್ಲೂ ಕೊಳ್ಳಲಿಕ್ಕಾಗಲಿಲ್ಲ. ಅಮೆರಿಕದ ಹಿಪ್‌ಹಾಪ್ ಲೋಕದಲ್ಲಿ ಇವೆರಡೂ ನಡೆದಿವೆ. ಮೊದಲನೆಯದು ತಮಾಷೆಗೆ ಹುಟ್ಟಿದ್ದು, ಎರಡನೆಯದು ಬಲು ಗಂಭೀರವಾಗಿ ಘೋಷಣೆಯಾದದ್ದು. ಇವುಗಳ ನಡುವೆ ಶೂಗಳಿವೆ, ಗೊಂಬೆಗಳಿವೆ, ಕಾರ್ಟೂನುಗಳಿವೆ, ತಲೆದಿಂಬೂ ಇದೆ. ಸುಪ್ರೀಂ ಕೋರ್ಟಿನ ಒಂದು ತೀರ್ಪೂ ಇದೆ.

ರ‍್ಯಾಪ್ ಹಾಡುಗಾರರ ಅಣಕು ಆಲ್ಬಮ್ಮುಗಳು, ಅವರ ಹೆಸರಿನಲ್ಲಿ ಬಂದ ಚಿತ್ರವಿಚಿತ್ರ ಸಾಮಾನುಗಳು ಅಂದರೆ ಒಂದು ನಗೆಪಟ್ಟಿ ಮಾಡಿ ಮುಗಿಸಬಹುದು. ಆದರೆ ವರ್ಷದ ಕ್ರಮದಲ್ಲಿ ಜೋಡಿಸಿ ನೋಡಿದರೆ ಇನ್ನೊಂದು ಲೆಕ್ಕ ಕಾಣಿಸುತ್ತೆ. ಹಾಡು ಯಾರದು, ಹೆಸರು ಯಾರದು, ದುಡ್ಡು ಯಾರಿಗೆ ಹೋಯ್ತು ಅನ್ನೋ ಲೆಕ್ಕ. ಕಂಪನಿಗಳು ಬರೆದಿಡದ ಈ ಲೆಕ್ಕವನ್ನು ಬರೆದಿಟ್ಟವರು ಹಾಸ್ಯಗಾರರು. ಆ ಪುಸ್ತಕದ ಒಂದಿಷ್ಟು ಪುಟ ತಿರುವೋಣ ಬನ್ನಿ.

ಶುರುವಿನಿಂದಲೇ ಶುರುಮಾಡೋಣ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಕರಿಯ ಹುಡುಗರು ಪಾರ್ಕಿನಲ್ಲಿ, ವಠಾರದ ಸಭಾಂಗಣದಲ್ಲಿ ಹಳೆಯ ರೆಕಾರ್ಡುಗಳ ತಾಳದ ತುಣುಕನ್ನು ತಿರುಗಾ ಮುರುಗಾ ನುಡಿಸಿ, ಅದರ ಮೇಲೆ ಪ್ರಾಸ ಕಟ್ಟಿ ಹೇಳುತ್ತಿದ್ದರು. ಇದು ರೆಕಾರ್ಡ್ ಮಾಡಿ ಮಾರುವಂಥ ಸರಕು ಅಂತ ಅವರಿಗೇ ಅನ್ನಿಸಿರಲಿಲ್ಲ. ಪಾರ್ಟಿ ಮುಗಿದರೆ ಹಾಡೂ ಮುಗೀತು, ಅಷ್ಟೇ.

ಅನ್ನಿಸಿದ್ದು ಪಕ್ಕದ ನ್ಯೂಜೆರ್ಸಿಯ ಎಂಗಲ್‌ವುಡ್ ಊರಿನ ಸಿಲ್ವಿಯಾ ರಾಬಿನ್ಸನ್ ಎಂಬ ಗಾಯಕಿ, ನಿರ್ಮಾಪಕಿಗೆ. 1979ರಲ್ಲಿ ಆಕೆ ಮೂವರನ್ನು ಹುಡುಕಿ ತಂದು ಒಂದು ತಂಡ ಮಾಡಿದಳು, ಹೆಸರು ಶುಗರ್‌ಹಿಲ್ ಗ್ಯಾಂಗ್. ಶುಗರ್ ಹಿಲ್ ಇರೋದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ತಂಡ ಕೂಡಿದ್ದು ನ್ಯೂಜೆರ್ಸಿಯಲ್ಲಿ. ಯಾವ ಪಾರ್ಟಿಯಲ್ಲೂ ಒಟ್ಟಿಗೆ ಹಾಡಿರದ ಈ ಮೂವರ ‘ರ‍್ಯಾಪರ್ಸ್ ಡಿಲೈಟ್’ ಅಮೆರಿಕದ ಮೊದಲ ನಲವತ್ತು ಹಾಡುಗಳ ಪಟ್ಟಿಗೆ ನುಗ್ಗಿತು. ಹೊರಗಿನ ಜಗತ್ತು ರ‍್ಯಾಪ್ ಅಂದರೆ ಇದು ಅಂತ ಮೊದಲು ಕೇಳಿದ್ದೇ ಆ ಹಾಡಲ್ಲಿ. ಅಂದರೆ ಹಿಪ್‌ಹಾಪಿನ ಮೊದಲ ದೊಡ್ಡ ಹಿಟ್ ಹಾಡಿನ ತಂಡವೇ ಕಟ್ಟಿ ನಿಲ್ಲಿಸಿದ ತಂಡ! ಅಣಕ ಮಾಡುವವರಿಗೆ ಇದಕ್ಕಿಂತ ಏನು ಬೇಕು?

ಇನ್ನೂ ಇದೆ. ಆ ಮೂವರಲ್ಲಿ ಒಬ್ಬ ಬಿಗ್ ಬ್ಯಾಂಕ್ ಹ್ಯಾಂಕ್. ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬ್ರಾಂಕ್ಸಿನ ನಿಜವಾದ ಪ್ರಾಸಗಾರ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಅವನಿಗೆ ಪರಿಚಯ. ರೆಕಾರ್ಡಿಂಗಿಗೆ ಕರೆ ಬಂದಾಗ ಹ್ಯಾಂಕ್ ಹೋಗಿ ಕ್ಯಾಜ್‌ನ ಸಾಲುಗಳನ್ನು ಕೇಳಿದ, ಕ್ಯಾಜ್ ತನ್ನ ನೋಟ್‌ಬುಕ್ಕನ್ನೇ ಕೊಟ್ಟ. ಹ್ಯಾಂಕ್ ಎಷ್ಟು ಶ್ರದ್ಧೆಯಿಂದ ಅದನ್ನು ಒಪ್ಪಿಸಿದನೆಂದರೆ, ಕ್ಯಾಜ್ ತನ್ನದೇ ಅಡ್ಡಹೆಸರನ್ನು ಅಕ್ಷರ ಬಿಡಿಸಿ ಹೇಳಿಕೊಳ್ಳುವ ಸಾಲನ್ನೂ ಹಾಗೇ ಹಾಡಿಬಿಟ್ಟ. ಪಕ್ಕದ ಮನೆಯ ಅಂಗಿ ಎರವಲು ತಂದು, ಜೇಬಿನ ಮೇಲೆ ಹೊಲಿದ ಅವರ ಹೆಸರನ್ನೂ ಬಿಚ್ಚದೆ ಮದುವೆಗೆ ಹೋದ ಹಾಗಾಯ್ತು ಇದು. ಆ ಹೆಸರು ಇವತ್ತಿಗೂ ರೆಕಾರ್ಡಿನಲ್ಲಿ ಹಾಗೇ ಇದೆ.

ಈಗ ಲೆಕ್ಕ ನೋಡಿ. ಆ ಹಾಡಿನ ಕೆಳಗಿನ ವಾದ್ಯ ಶಿಕ್ ಎಂಬ ತಂಡದ ‘ಗುಡ್ ಟೈಮ್ಸ್’ ಹಾಡಿನದು. ಅದನ್ನು ಕಟ್ಟಿದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಹತ್ತಿರ ಕಾಗದಪತ್ರ ಇತ್ತು, ವಕೀಲರಿದ್ದರು. ಕೇಸು ಹಾಕ್ತೀವಿ ಅಂದರು. ಹಾಡಿನ ಕರ್ತೃಗಳ ಜಾಗದಲ್ಲಿ ಅವರ ಹೆಸರು ಬಂತು, ಹೆಸರಿನ ಹಿಂದೆ ದುಡ್ಡೂ ಬಂತು. ಕ್ಯಾಜ್ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್. ಅದೂ ಕೈಬಿಟ್ಟು ಹೋಗಿತ್ತು. ಹೆಸರೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಮುಂದಿನ ನಲವತ್ತು ವರ್ಷದ ತಮಾಷೆಗಳೆಲ್ಲ ಈ ವ್ಯತ್ಯಾಸದ ಸುತ್ತಲೇ ತಿರುಗುತ್ತವೆ.

ಐದು ವರ್ಷ ದಾಟಿ 1984ಕ್ಕೆ ಬರೋಣ. ಯು.ಟಿ.ಎಫ್.ಓ. ಎಂಬ ತಂಡ ‘ರೊಕ್ಸಾನ್, ರೊಕ್ಸಾನ್’ ಅನ್ನೋ ಹಾಡು ಮಾಡಿತು. ರೊಕ್ಸಾನ್ ಅನ್ನೋಳು ಇವರ ಮಾತಿಗೆ ಸೊಪ್ಪು ಹಾಕದ ಕಾಲ್ಪನಿಕ ಹುಡುಗಿ. ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ‘ಆ ರೊಕ್ಸಾನ್ ನಾನೇ’ ಅಂತ ಎದ್ದು, ಮಾರ್ಲಿ ಮಾರ್ಲ್ ಎಂಬ ನಿರ್ಮಾಪಕನ ಮನೆಯಲ್ಲೇ ಉತ್ತರದ ಹಾಡು ರೆಕಾರ್ಡ್ ಮಾಡಿದಳು. ಹೆಸರನ್ನೇ ರೊಕ್ಸಾನ್ ಶಾಂಟೆ ಅಂತ ಇಟ್ಟುಕೊಂಡಳು. ಹಾಡು ಹಿಟ್ ಆಯ್ತು. ತಮ್ಮ ಕಲ್ಪನೆಯ ಕೂಸನ್ನು ಇನ್ನೊಬ್ಬರು ಎತ್ತಿಕೊಂಡು ಹೋದದ್ದು ನೋಡಿ ಯು.ಟಿ.ಎಫ್.ಓ. ಕಡೆಯವರು ಮತ್ತೊಬ್ಬಳನ್ನು ಕರೆತಂದು ‘ದಿ ರಿಯಲ್ ರೊಕ್ಸಾನ್’ ಅಂತ ಹೆಸರಿಟ್ಟರು. ಅಂದರೆ ‘ಅಸಲಿ ರೊಕ್ಸಾನ್’. ಹುಟ್ಟೇ ಇಲ್ಲದವಳಿಗೆ ಅಸಲಿ ನಕಲಿ ಬೇರೆ!

ಆಮೇಲೆ ಸಂತೆಯೋ ಸಂತೆ. ರೊಕ್ಸಾನ್‌ಳ ಅಪ್ಪ ಅಮ್ಮನ ಕಡೆಯಿಂದ ಒಂದು ಹಾಡು, ಅಣ್ಣತಮ್ಮಂದಿರ ಕಡೆಯಿಂದ ಒಂದು, ಅವಳ ಡಾಕ್ಟರ್ ಕಡೆಯಿಂದ ಒಂದು. ಅವಳು ಹೆಂಗಸೇ ಅಲ್ಲ ಅಂತ ಸಾಧಿಸೋಕೆ ಒಂದು. ಕಡೆಗೆ ‘ಸಾಕು ಮಾರಾಯ್ರೆ, ಇನ್ನು ರೊಕ್ಸಾನ್ ಬೇಡ’ ಅನ್ನೋ ಅರ್ಥದ್ದೂ ಒಂದು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರ ಸಾಲು ಅಷ್ಟುದ್ದ ಇತ್ತು. ಚಿಕ್ಕ ಚಿಕ್ಕ ಕಂಪನಿಗಳು ವಾರ ಒಪ್ಪತ್ತಿನಲ್ಲಿ ರೆಕಾರ್ಡ್ ಒತ್ತಿ ಮಾರುತ್ತಿದ್ದ ಕಾಲ ಅದು. ಒಬ್ಬರ ಕಲ್ಪನೆಯನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸುವುದನ್ನು ಯಾರೂ ಕಳವು ಅನ್ನಲಿಲ್ಲ. ಆಟ ಅಂದರು. ಆ ಆಟದಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ದೊಡ್ಡವರ ಎದುರು ನಿಂತು ಗೆದ್ದಳು ಅನ್ನೋದೂ ಸಣ್ಣ ಮಾತಲ್ಲ.

ಆಟ ಮಾರುಕಟ್ಟೆಗೆ ಬಂದದ್ದು ಶೂ ಹಾಕಿಕೊಂಡು. ಆಗಿನ ಕಾಲದಲ್ಲಿ ಲೇಸಿಲ್ಲದ ಶೂ ಹಾಕುವ ಹುಡುಗರು ಅಂದರೆ ಜೈಲಿನ ಗಿರಾಕಿಗಳು ಅನ್ನೋ ಮಾತಿತ್ತು, ಜೈಲಿನಲ್ಲಿ ಲೇಸ್ ಕಿತ್ತುಕೊಳ್ಳುತ್ತಾರೆ ಅಂತ. ಇದಕ್ಕೆ ಉತ್ತರವಾಗಿ ರನ್-ಡಿಎಂಸಿ ತಂಡ 1986ರಲ್ಲಿ ‘ಮೈ ಅಡಿಡಾಸ್’ ಹಾಡಿತು. ನಮ್ಮ ಶೂ ನೋಡಿ ನಮ್ಮನ್ನು ಅಳೀಬೇಡಿ ಅನ್ನೋದು ಒಟ್ಟು ಅಭಿಪ್ರಾಯ. ಆ ವರ್ಷದ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕಾರ್ಯಕ್ರಮ ನಡೆದಾಗ, ‘ಹಾಕಿಕೊಂಡಿರೋ ಅಡಿಡಾಸ್ ಮೇಲೆತ್ತಿ’ ಅಂತ ವೇದಿಕೆಯಿಂದ ಕೂಗಿದರು. ಸಾವಿರಾರು ಶೂಗಳು ಮೇಲೆದ್ದವು. ಕಂಪನಿಯ ಅಧಿಕಾರಿಯೊಬ್ಬ ಸಭೆಯಲ್ಲೇ ಇದ್ದ, ಕಣ್ಣಾರೆ ನೋಡಿದ. ಮುಂದೆ ಹತ್ತು ಲಕ್ಷ ಡಾಲರಿನ ಆಸುಪಾಸಿನ ಒಪ್ಪಂದ ಆಯ್ತು. ಕ್ರೀಡಾಪಟುಗಳಿಗೆ ಮಾತ್ರ ಸಿಗುತ್ತಿದ್ದ ಮರ್ಯಾದೆ ಹಾಡುಗಾರರಿಗೆ ಸಿಕ್ಕಿತು. ಮರ್ಯಾದೆಗೋಸ್ಕರ ಹುಟ್ಟಿದ ಹಾಡು ಜಾಹೀರಾತೂ ಆಗಬಹುದು ಅಂತ ಅವತ್ತು ಇಬ್ಬರಿಗೂ ಗೊತ್ತಾಯ್ತು, ಹಾಡುವವರಿಗೂ, ಮಾರುವವರಿಗೂ.

ಇದರ ತುತ್ತತುದಿ ಎಂ.ಸಿ. ಹ್ಯಾಮರ್. 1990ರಲ್ಲಿ ಬಂದ ಅವನ ‘ಪ್ಲೀಸ್ ಹ್ಯಾಮರ್ ಡೋಂಟ್ ಹರ್ಟ್ ದೆಮ್’ ಇಪ್ಪತ್ತೊಂದು ವಾರ ಅಮೆರಿಕದ ಆಲ್ಬಮ್ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂತಿತ್ತು. ಹೊಟ್ಟೆಯಿಂದ ಮೊಣಕಾಲತನಕ ಗಾಳಿ ತುಂಬಿದಂಥ ಚಲ್ಲಣ, ಅದರಲ್ಲಿ ಮಿಂಚಿನ ಕುಣಿತ. 1991ರಲ್ಲಿ ಬಾರ್ಬಿ ಗೊಂಬೆ ಮಾಡುವ ಮಟೆಲ್ ಕಂಪನಿ ಹ್ಯಾಮರ್ ಗೊಂಬೆ ಮಾಡಿತು, ಚಲ್ಲಣ ಸಮೇತ. ಅದೇ ವರ್ಷ ಎಬಿಸಿ ಟಿವಿಯಲ್ಲಿ ‘ಹ್ಯಾಮರ್‌ಮ್ಯಾನ್’ ಅನ್ನೋ ಕಾರ್ಟೂನ್ ಬಂತು. ಅದರಲ್ಲಿ ಮಾತಾಡುವ ಮಾಯದ ಶೂ ಹಾಕಿಕೊಂಡರೆ ಸಾಮಾನ್ಯ ಮನುಷ್ಯ ಮಹಾಪುರುಷ ಆಗಿಬಿಡ್ತಾನೆ. ದಯವಿಟ್ಟು ಗಮನಿಸಿ, ಇದನ್ನು ಯಾರೂ ತಮಾಷೆಗೆ ಮಾಡಿದ್ದಲ್ಲ. ರನ್-ಡಿಎಂಸಿಯ ಶೂಗೆ ಒಂದು ಅರ್ಥ ಇತ್ತು. ಐದೇ ವರ್ಷದಲ್ಲಿ ಶೂಗೇ ಬಾಯಿ ಬಂದು, ಹಾಕಿಕೊಂಡವನ ಮಾತು ಹಿಂದೆ ಬಿತ್ತು. 1996ರಲ್ಲಿ ಹ್ಯಾಮರ್ ದಿವಾಳಿ ಅರ್ಜಿ ಹಾಕಿದ. ಗೊಂಬೆಗಳು ಹಳೇ ಸಾಮಾನಿನ ಅಂಗಡಿ ಸೇರಿದವು.

ಇಂಥ ಕಾಲದಲ್ಲಿ ಅಣಕ ಮಾಡುವವರು ಏನು ಮಾಡಬೇಕು? ಉತ್ತರ 1993ರಲ್ಲಿ ಬಂತು, ಒಂದಲ್ಲ ಎರಡು. ಎರಡೂ ಸಿನಿಮಾಗಳು, ಎರಡರಲ್ಲೂ ಹುಟ್ಟಿಸಿದ ರ‍್ಯಾಪ್ ತಂಡ.

ಒಂದು ‘ಸಿಬಿ4’. ಆಗಿನ್ನೂ ಎಳೆಯನಾಗಿದ್ದ ಕ್ರಿಸ್ ರಾಕ್ ಇದರ ನಾಯಕ. ಮಧ್ಯಮವರ್ಗದ ಮನೆಯ ಸಭ್ಯ ಹುಡುಗ. ಹಾಡು ಮಾರಾಟ ಆಗಬೇಕಾದರೆ ರೌಡಿ ಆಗಬೇಕು ಅಂತ ಗೊತ್ತಾಗಿ, ಜೈಲಿಗೆ ಹೋದ ನಿಜವಾದ ರೌಡಿಯ ಹೆಸರು, ವೇಷ, ಜೀವನಚರಿತ್ರೆ ಎಲ್ಲಾ ಎತ್ತಿಕೊಂಡು ತಂಡ ಕಟ್ಟುತ್ತಾನೆ. ತಂಡದ ಹೆಸರೇ ‘ಜೈಲಿನ 4ನೇ ವಿಭಾಗ’ ಅನ್ನೋ ಅರ್ಥದ್ದು. ಎನ್.ಡಬ್ಲ್ಯು.ಎ. ತಂಡದ ‘ಸ್ಟ್ರೇಟ್ ಔಟ್ಟಾ ಕಾಂಪ್ಟನ್’ ಅನ್ನು ಅಣಕಿಸಿ ಇವರ ಹಾಡು ‘ಸ್ಟ್ರೇಟ್ ಔಟ್ಟಾ ಲೊಕ್ಯಾಶ್’. ಲೋ ಕ್ಯಾಶ್ ಅಂದರೆ ಕೈ ಖಾಲಿ. ಸ್ವಾರಸ್ಯ ಅಂದರೆ ಆ ಎನ್.ಡಬ್ಲ್ಯು.ಎ. ತಂಡದಲ್ಲಿ ಹಾಡಿದ್ದ ಐಸ್ ಕ್ಯೂಬ್, ಈಜಿ-ಇ ಇಬ್ಬರೂ ಬಂದು ಇದೇ ಸಿನಿಮಾದಲ್ಲಿ ಮುಖ ತೋರಿಸಿ ಹೋಗಿದ್ದಾರೆ. ತಮ್ಮನ್ನೇ ಗೇಲಿ ಮಾಡುವ ಮನೆಗೆ ಊಟಕ್ಕೆ ಹೋದ ಹಾಗೆ.

ಇನ್ನೊಂದು ‘ಫಿಯರ್ ಆಫ್ ಎ ಬ್ಲ್ಯಾಕ್ ಹ್ಯಾಟ್’. ರಸ್ಟಿ ಕಂಡೀಫ್ ಎಂಬಾತ ಬರೆದು, ನಿರ್ದೇಶಿಸಿ, ತಾನೇ ನಟಿಸಿದ ಸಣ್ಣ ಬಜೆಟ್ಟಿನ ಚಿತ್ರ. ಪಬ್ಲಿಕ್ ಎನಿಮಿ ತಂಡದ ‘ಫಿಯರ್ ಆಫ್ ಎ ಬ್ಲ್ಯಾಕ್ ಪ್ಲಾನೆಟ್’ ಅನ್ನೋ ಗಂಭೀರ ಆಲ್ಬಮ್ಮಿನ ಹೆಸರಲ್ಲಿ ‘ಗ್ರಹ’ ತೆಗೆದು ‘ಟೋಪಿ’ ಇಟ್ಟಿದ್ದಾನೆ. ಸಮಾಜಶಾಸ್ತ್ರ ಓದುವ ಹೆಣ್ಣುಮಗಳೊಬ್ಬಳು ರ‍್ಯಾಪ್ ತಂಡದ ಹಿಂದೆ ಕ್ಯಾಮೆರಾ ಹಿಡಿದು ಓಡಾಡುತ್ತಾಳೆ, ಆ ಹುಸಿ ಸಾಕ್ಷ್ಯಚಿತ್ರವೇ ಸಿನಿಮಾ. ತಂಡದ ಹೆಸರು ಎನ್.ಡಬ್ಲ್ಯು.ಎಚ್. ಮೊದಲ ಪದ ಬಿಟ್ಟು ಹೇಳೋದಾದರೆ ‘ಟೋಪಿ ಇರುವವರು’. ಹಾಡಿಗೊಂದು, ದೃಶ್ಯಕ್ಕೊಂದು ಟೋಪಿ, ಒಂದಕ್ಕಿಂತ ಒಂದು ಅವತಾರ.

ಯಾಕಪ್ಪಾ ಟೋಪಿ ಅಂತ ಕೇಳಿದರೆ ಬಲು ಗಂಭೀರವಾಗಿ ವಿವರಿಸುತ್ತಾರೆ: ಗುಲಾಮಗಿರಿಯ ಕಾಲದಲ್ಲಿ ನಮ್ಮ ಹಿರಿಯರು ಬರಿತಲೆಯಲ್ಲಿ ಬಿಸಿಲಲ್ಲಿ ದುಡಿದರು, ಸಂಜೆ ಹೊತ್ತಿಗೆ ಬಂಡಾಯ ಏಳೋಕೆ ಮೈಯಲ್ಲಿ ಕಸುವೇ ಉಳಿದಿರಲಿಲ್ಲ, ಈಗ ನಮ್ಮ ತಲೆ ಮೇಲೆ ಟೋಪಿ ಇದೆ, ನೋಡ್ಕೊಳ್ಳಿ. ನಗು ಬರುತ್ತೆ. ನಕ್ಕ ಮೇಲೆ ಹೊಲದಲ್ಲಿ ಬರಿತಲೆಯಲ್ಲಿ ನಿಂತವರ ಚಿತ್ರ ಮಾತ್ರ ಮನಸ್ಸಿನಿಂದ ಹೋಗೋದಿಲ್ಲ. ಟಿ-ಶರ್ಟು, ಶೂ, ಟೋಪಿ ಯಾವುದಕ್ಕಾದರೂ ಕ್ರಾಂತಿಯ ಅರ್ಥ ಕಟ್ಟಿ ಮಾರುವ ಚಾಳಿಯನ್ನೂ, ಆ ಚಾಳಿಯ ಹಿಂದೆ ನಿಜವಾಗಿಯೂ ಇದ್ದ ಗಾಯವನ್ನೂ ಒಂದೇ ಮಾತಿನಲ್ಲಿ ಮುಟ್ಟುವುದು ಅಂದರೆ ಇದು. ಕನ್ನಡದಲ್ಲಿ ಓದುವ ನಮಗೆ ಒಂದು ಲಾಭ ಹೆಚ್ಚು. ಇಂಗ್ಲಿಷಿನವರಿಗೆ ಟೋಪಿ ಅಂದರೆ ಬರೀ ಟೋಪಿ. ನಮಗೆ ‘ಟೋಪಿ ಹಾಕೋದು’ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಹಿಪ್‌ಹಾಪಿನ ಇಡೀ ವ್ಯವಹಾರಕ್ಕೆ ಕಂಡೀಫ್ ಗೊತ್ತಿಲ್ಲದೇ ಕನ್ನಡದ ಹೆಸರಿಟ್ಟಿದ್ದಾನೆ.

ಚಿತ್ರ 1993ರಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ತೋರಿಸಿ, ಥಿಯೇಟರಿಗೆ ಬಂದದ್ದು 1994ರಲ್ಲಿ. ಆಗಲೇ ಅದರ ಹಾಡುಗಳ ಆಲ್ಬಮ್ಮೂ ಮಾರಾಟಕ್ಕೆ ಬಂತು. ಇಲ್ಲದ ತಂಡದ, ಇರುವ ಆಲ್ಬಮ್. ಕೇಳಿ ನೋಡಿದರೆ ಹಾಡುಗಳು ಕಳಪೆಯಾಗಿಲ್ಲ, ಅದೇ ಅದರ ಗುಟ್ಟು. ಅಣಕವಾಡು ಬರೆಯುವವನಿಗೆ ಮೂಲ ಹಾಡಿನ ಮಟ್ಟು ಅಂಗೈಯಲ್ಲಿರಬೇಕು ಅನ್ನೋದು ನಮಗೂ ಗೊತ್ತಿರೋದೇ. ದ್ವೇಷ ಇಟ್ಟುಕೊಂಡವನು ಬೈಗುಳ ಬರೀಬಹುದು. ಅಣಕವಾಡಿಗೆ ಪ್ರೀತಿ ಬೇಕು.

ಅದೇ 1994ರ ಮಾರ್ಚಿನಲ್ಲಿ ಅಣಕವಾಡಿನ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥ ಆಯ್ತು. ಕಕ್ಷಿದಾರ ಮಯಾಮಿಯ 2 ಲೈವ್ ಕ್ರೂ, ಮನೆಮಂದಿಯ ಮುಂದೆ ಕೇಳಲಾಗದ ಪೋಲಿ ಹಾಡುಗಳಿಗೆ ಪ್ರಸಿದ್ಧವಾದ ತಂಡ. ಅವರು 1989ರಲ್ಲಿ ಒಂದು ಪೋಲಿ ಆಲ್ಬಮ್ ಮಾಡಿ, ಅದರದೇ ತೊಳೆದ ಆವೃತ್ತಿ ಅಂತ ‘ಆಸ್ ಕ್ಲೀನ್ ಆಸ್ ದೇ ವಾನ್ನಾ ಬಿ’ ಅಂತ ಇನ್ನೊಂದನ್ನು ಬಿಟ್ಟಿದ್ದರು. ಅದರಲ್ಲಿ ರಾಯ್ ಆರ್ಬಿಸನ್‌ನ ಹಳೆಯ ‘ಓ, ಪ್ರೆಟಿ ವುಮನ್’ ಹಾಡಿನ ಅಣಕ ಇತ್ತು. ಹಕ್ಕಿದ್ದ ಅಕಫ್-ರೋಸ್ ಕಂಪನಿಯನ್ನು ಮೊದಲೇ ಅನುಮತಿ ಕೇಳಿದ್ದರು, ದುಡ್ಡು ಕೊಡ್ತೀವಿ ಅಂದಿದ್ದರು. ಕಂಪನಿ ಒಪ್ಪಲಿಲ್ಲ. ಇವರು ಬಿಡುಗಡೆ ಮಾಡಿಬಿಟ್ಟರು. ಕೇಸು ಬಿತ್ತು.

ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ್ದು ಇಷ್ಟು: ಅಣಕ ಮಾಡಬೇಕಾದರೆ ಮೂಲವನ್ನು ನೆನಪಿಸಲೇಬೇಕು, ಹಾಗಾಗಿ ಒಂದಿಷ್ಟು ತೆಗೆದುಕೊಳ್ಳಲೇಬೇಕು. ಮಾರಾಟಕ್ಕಿಟ್ಟ ಮಾತ್ರಕ್ಕೆ ಅದು ಕಳವು ಅಂತ ಆಗಿಬಿಡೋದಿಲ್ಲ. ತೀರ್ಪು ಬರೆದ ನ್ಯಾಯಮೂರ್ತಿ ಡೇವಿಡ್ ಸೌಟರ್ ಪೋಲಿ ಅಣಕದ ಸಾಲುಗಳನ್ನು ಮೂಲದ ಪಕ್ಕದಲ್ಲಿಟ್ಟು ಗಂಭೀರವಾಗಿ ವಿಮರ್ಶೆ ಮಾಡಬೇಕಾಗಿ ಬಂತು. ಕಡೆಗೆ ಎರಡೂ ಕಡೆಯವರು ರಾಜಿಯಾಗಿ, ಹಾಡಿಗೆ ಪರವಾನಗಿಯೂ ಆಯ್ತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಈ ಕೇಸು ಓದುತ್ತಾರೆ.

ಆದರೆ ಕಾನೂನಿನ ಇನ್ನೊಂದು ಬಾಗಿಲು ಅಷ್ಟರಲ್ಲಾಗಲೇ ಮುಚ್ಚಿತ್ತು. ಬಿಜ್ ಮಾರ್ಕಿ ಅಂತ ಒಬ್ಬನಿದ್ದ, ದೊಡ್ಡ ದೇಹ, ಮಗುವಿನಂಥ ಹಾಸ್ಯ. ಗಿಲ್ಬರ್ಟ್ ಓಸಲಿವನ್‌ನ ಹಾಡಿನ ತುಣುಕೊಂದನ್ನು ಒಪ್ಪಿಗೆಯಿಲ್ಲದೆ ತನ್ನ ಹಾಡಿಗೆ ಬಳಸಿದ. ಹಳೆಯ ರೆಕಾರ್ಡಿನ ತುಣುಕು ಕತ್ತರಿಸಿ ಹೊಸ ಹಾಡಿಗೆ ಹೊಲಿಯೋದಕ್ಕೆ ಸ್ಯಾಂಪ್ಲಿಂಗ್ ಅಂತಾರೆ. ಹಿಪ್‌ಹಾಪಿನ ಕಸುಬೇ ಅದು, ಕೌದಿ ಹೊಲಿದ ಹಾಗೆ. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೆವಿನ್ ಡಫಿ ‘ಕದಿಯಬೇಡ’ ಎಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಶುರುಮಾಡಿದರು. ಆಲ್ಬಮ್ ಅಂಗಡಿಗಳಿಂದ ವಾಪಸಾಯ್ತು. ಬಿಜ್ ಮಾರ್ಕಿ 1993ರಲ್ಲಿ ತನ್ನ ಮುಂದಿನ ಆಲ್ಬಮ್ಮಿಗೆ ಇಟ್ಟ ಹೆಸರು ‘ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್!’ ಅಂದರೆ ‘ಎಲ್ಲಾ ತುಣುಕಿಗೂ ಅನುಮತಿ ಪಡೆದಿದೆ!’ ಮುಖಪುಟದಲ್ಲಿ ಕೋರ್ಟಿನ ದೃಶ್ಯ, ನ್ಯಾಯಾಧೀಶನೂ ಅವನೇ, ಆರೋಪಿಯೂ ಅವನೇ. ನಗು ಉಳೀತು. ಕೌದಿ ಹೊಲಿಯುವವರಿಗೆ ಮಾತ್ರ ಅವತ್ತಿಂದ ಒಂದೊಂದು ಚಿಂದಿಗೂ ಬೆಲೆ ಕಟ್ಟುವ ಕಾಲ ಬಂತು.

ಆ ಬೆಲೆ ಯಾರ ತಲೆಗೆ ಬಿತ್ತು ಅಂತ ನೋಡಬೇಕಾದರೆ ಡಿ ಲಾ ಸೋಲ್ ಕಥೆ ಕೇಳಬೇಕು. ಲಾಂಗ್ ಐಲೆಂಡಿನ ಮೂವರು ಹುಡುಗರು, ಜೊತೆಗೆ ಪ್ರಿನ್ಸ್ ಪಾಲ್ ಎಂಬ ಮಹಾ ತರಲೆ ನಿರ್ಮಾಪಕ. 1989ರ ‘3 ಫೀಟ್ ಹೈ ಅಂಡ್ ರೈಸಿಂಗ್’ ಆಲ್ಬಮ್ಮಿನಲ್ಲಿ ಹಾಡುಗಳ ಮಧ್ಯೆ ಮಧ್ಯೆ ಅರ್ಥವಿಲ್ಲದ ಪ್ರಶ್ನೆ ಕೇಳುವ ಒಂದು ಹುಸಿ ಕ್ವಿಜ್ ಕಾರ್ಯಕ್ರಮ ಸೇರಿಸಿದರು. ರ‍್ಯಾಪ್ ಆಲ್ಬಮ್ಮುಗಳಲ್ಲಿ ಪುಟ್ಟ ಪ್ರಹಸನ ಹಾಕುವ ಪದ್ಧತಿಗೆ ದಾರಿ ಹಾಕಿದ್ದು ಅದೇ. 1991ರ ಎರಡನೇ ಆಲ್ಬಮ್ಮಿಗೆ ‘ಡಿ ಲಾ ಸೋಲ್ ಈಸ್ ಡೆಡ್’ ಅಂತ ಹೆಸರಿಟ್ಟು ತಮ್ಮ ತಿಥಿ ತಾವೇ ಮಾಡಿಕೊಂಡರು. ಅದರ ಪ್ರಹಸನದಲ್ಲಿ ಕಸದ ಬುಟ್ಟಿಯಲ್ಲಿ ಇದೇ ಆಲ್ಬಮ್ಮಿನ ಕ್ಯಾಸೆಟ್ ಸಿಗುತ್ತೆ. ಬೀದಿಯ ಪುಂಡ ಹುಡುಗರು ಅದನ್ನು ಕಿತ್ತುಕೊಂಡು ಕೇಳಿ, ಪ್ರತಿ ಹಾಡಿಗೂ ಮೂಗು ಮುರಿದು, ಕಡೆಗೆ ವಾಪಸು ಕಸಕ್ಕೇ ಎಸೀತಾರೆ.

ತಮಾಷೆಗೆ ಹೇಳಿದ ಮಾತು ಹೆಚ್ಚುಕಡಿಮೆ ನಿಜವೇ ಆಯ್ತು. ಆ ಆಲ್ಬಮ್ಮುಗಳಲ್ಲಿ ಹೊಲಿದ ನೂರಾರು ತುಣುಕುಗಳ ಹಕ್ಕಿನ ತಕರಾರು ಬಗೆಹರಿಯದೆ, ಇಡೀ ಜಗತ್ತು ಇಂಟರ್‌ನೆಟ್ಟಿನಲ್ಲಿ ಹಾಡು ಕೇಳುವ ಕಾಲದಲ್ಲಿ ಡಿ ಲಾ ಸೋಲ್‌ನ ಮುಖ್ಯ ಹಾಡುಗಳು ಅಲ್ಲಿ ಇರಲೇ ಇಲ್ಲ. 2014ರ ಪ್ರೇಮಿಗಳ ದಿನದಂದು ಅವರೇ ಬೇಸತ್ತು ಇಪ್ಪತ್ತೈದು ಗಂಟೆ ಕಾಲ ಎಲ್ಲವನ್ನೂ ಪುಕ್ಕಟೆ ಹಂಚಿದರು. ಹಾಡುಗಳು ಅಧಿಕೃತವಾಗಿ ಬಂದದ್ದು 2023ರ ಮಾರ್ಚ್ 3ಕ್ಕೆ. ಮೂವರಲ್ಲಿ ಒಬ್ಬನಾದ ಡೇವ್, ಅಭಿಮಾನಿಗಳ ಟ್ರುಗಾಯ್, ಫೆಬ್ರವರಿ 12ಕ್ಕೆ ತೀರಿಕೊಂಡಿದ್ದ. ಮೂರು ವಾರವೂ ತುಂಬಿರಲಿಲ್ಲ.

ಪ್ರಿನ್ಸ್ ಪಾಲ್ ಸುಮ್ಮನೆ ಕೂರಲಿಲ್ಲ. 1999ರಲ್ಲಿ ‘ಎ ಪ್ರಿನ್ಸ್ ಅಮಾಂಗ್ ಥೀವ್ಸ್’ ಮಾಡಿದ, ಇಡೀ ಆಲ್ಬಮ್ಮೇ ಒಂದು ಕಟ್ಟುಕಥೆ. ತಾರಿಕ್ ಎಂಬ ಹುಡುಗನಿಗೆ ವು-ಟ್ಯಾಂಗ್ ಕ್ಲ್ಯಾನ್ ತಂಡದವರನ್ನು ಕಾಣುವ ಅವಕಾಶ ಸಿಕ್ಕಿದೆ, ಕೈಯಲ್ಲಿ ಮಾದರಿ ಟೇಪ್ ಮುಗಿಸುವಷ್ಟು ದುಡ್ಡಿಲ್ಲ. ಗೆಳೆಯನನ್ನು ನಂಬಿ ಅಡ್ಡದಾರಿ ಹಿಡಿದು ಹಾಳಾಗ್ತಾನೆ. ನಗಿಸುತ್ತ ಹೋಗಿ ಕಡೆಗೆ ಗಂಟಲು ಕಟ್ಟಿಸುವ ಕಥೆ. ಕಾಲ್ಪನಿಕ ಹುಡುಗನ ಕನಸೂ ವು-ಟ್ಯಾಂಗ್‌ನ ಬಾಗಿಲೇ ಯಾಕಾಗಿತ್ತು ಅನ್ನೋದಕ್ಕೆ ಕಾರಣ ಇದೆ.

ಟೋಪಿ ಹಾಕಿಸಿಕೊಳ್ಳಬಾರದು ಅಂತ ಮೊದಲೇ ಗಂಟು ಕಟ್ಟಿಕೊಂಡು ಬಂದವರು ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಈ ವು-ಟ್ಯಾಂಗ್‌ನವರು. ತಂಡವಾಗಿ ಒಂದು ಕಂಪನಿಗೆ, ಬಿಡಿಬಿಡಿಯಾಗಿ ಬೇರೆ ಬೇರೆ ಕಂಪನಿಗೆ ಹಾಡುವ ಸ್ವಾತಂತ್ರ್ಯವನ್ನು ಒಪ್ಪಂದದಲ್ಲೇ ಬರೆಸಿಕೊಂಡರು. 1993ರಲ್ಲಿ ಮೊದಲ ಆಲ್ಬಮ್ ಬಂತು. ಎರಡೇ ವರ್ಷದಲ್ಲಿ ‘ವು ವೇರ್’ ಬಟ್ಟೆ, 1999ರಲ್ಲಿ ಪ್ಲೇಸ್ಟೇಷನ್ ಆಟ, ಅದನ್ನು ಆಡಲು ಇಂಗ್ಲಿಷಿನ ಡಬ್ಲ್ಯು ಅಕ್ಷರದಂಥ ವಿಶೇಷ ಕಂಟ್ರೋಲರ್. ಸಾಮಾನು ಹಳೇ ಥರದ್ದೇ. ಈ ಸಲ ಅಂಗಡಿ ಮಾತ್ರ ಹಾಡುವವರದು.

ಇದನ್ನು ನೋಡಿ 2003ರಲ್ಲಿ ಡೇವ್ ಚಪೆಲ್ ತನ್ನ ಟಿವಿ ಕಾರ್ಯಕ್ರಮದಲ್ಲಿ ಒಂದು ಹುಸಿ ಜಾಹೀರಾತು ಮಾಡಿದ: ‘ವು-ಟ್ಯಾಂಗ್ ಫೈನಾನ್ಷಿಯಲ್’. ಹಾಡುಗಾರರಾದ ರಿಜಾ, ಜಿಜಾ ಖುದ್ದಾಗಿ ಕೂತು, ಬಿಳಿಯ ಗಿರಾಕಿಗಳಿಗೆ ಬಾಂಡು, ಹೂಡಿಕೆ ಅಂತ ಗದರಿಸಿ ಬುದ್ಧಿ ಹೇಳ್ತಾರೆ. (ಟೋಪಿ ಚಿತ್ರದ ರಸ್ಟಿ ಕಂಡೀಫ್ ಚಪೆಲ್ ಕಾರ್ಯಕ್ರಮದ ನಿರ್ದೇಶಕರಲ್ಲಿ ಒಬ್ಬ. ಒಂದೇ ಗರಡಿ ನೋಡಿ.) ಹಾಡುವವರು ಹೂಡಿಕೆಯ ಸಲಹೆ ಕೊಡೋದು ಆಗ ಬರೀ ನಗೆಚಾಟಿಕೆ.

ಹನ್ನೆರಡು ವರ್ಷಕ್ಕೆ ಅದು ನಿಜವಾಯ್ತು. ವು-ಟ್ಯಾಂಗ್‌ನವರು ‘ಒನ್ಸ್ ಅಪಾನ್ ಎ ಟೈಮ್ ಇನ್ ಶಾವೊಲಿನ್’ ಅನ್ನೋ ಆಲ್ಬಮ್ಮಿನ ಒಂದೇ ಒಂದು ಪ್ರತಿ ಮಾಡಿದರು. ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು 2015ರಲ್ಲಿ 20 ಲಕ್ಷ ಡಾಲರಿಗೆ ಮಾರಿದರು. 2103ರವರೆಗೆ ಅದನ್ನು ವ್ಯಾಪಾರಕ್ಕೆ ಬಿಡುಗಡೆ ಮಾಡಬಾರದು ಅಂತ ಷರತ್ತು. ಹಾಡು ಎಲ್ಲೆಂದರಲ್ಲಿ ಪುಕ್ಕಟೆ ಸಿಗುವ ಕಾಲದಲ್ಲಿ ಸಂಗೀತಕ್ಕೆ ಚಿತ್ರಕಲೆಯ ಬೆಲೆ ಬರಬೇಕು ಅನ್ನೋದು ಅವರ ವಾದ. ಕೊಂಡವನು ಮಾರ್ಟಿನ್ ಶ್ಕ್ರೆಲಿ, ಒಂದು ಜೀವರಕ್ಷಕ ಮಾತ್ರೆಯ ಬೆಲೆಯನ್ನು ಹದಿಮೂರೂವರೆ ಡಾಲರಿಂದ 750ಕ್ಕೆ ಏರಿಸಿ ದೇಶದ ಶಾಪ ಕಟ್ಟಿಕೊಂಡಿದ್ದ ಔಷಧ ವ್ಯಾಪಾರಿ. ಆಮೇಲೆ ಬೇರೆ ವಂಚನೆಯ ಕೇಸಿನಲ್ಲಿ ಅವನು ಜೈಲಿಗೆ ಹೋದ, ಆಲ್ಬಮ್ ಸರ್ಕಾರದ ಪಾಲಾಯ್ತು, 2021ರಲ್ಲಿ ಸರ್ಕಾರ ಅದನ್ನು ಮತ್ತೆ ಮಾರಿತು. ಇಷ್ಟನ್ನು ಪ್ರಹಸನವಾಗಿ ಬರೆದು ಚಪೆಲ್‌ಗೆ ಕೊಟ್ಟಿದ್ದರೆ ‘ಸ್ವಲ್ಪ ಅತಿಯಾಯ್ತು’ ಅಂತ ವಾಪಸು ಕೊಡುತ್ತಿದ್ದನೋ ಏನೋ.

ಇನ್ನು ಮೊದಲಲ್ಲಿ ಹೇಳಿದ ಬಾರದ ಆಲ್ಬಮ್. ಅದು ಡಾಕ್ಟರ್ ಡ್ರೇ ಅವರ ‘ಡಿಟಾಕ್ಸ್’. 2000ರ ದಶಕದ ಶುರುವಿನಲ್ಲಿ ಘೋಷಣೆ. ಇವತ್ತು, ನಾಳೆ, ಮುಂದಿನ ವರ್ಷ. ಅಭಿಮಾನಿಗಳ ಹುಡುಗಾಟದ ಮುಖಪುಟಗಳು, ಕಲ್ಪನೆಯ ಹಾಡುಪಟ್ಟಿಗಳು ಮಾತ್ರ ಬಂದವು. ಅದರ ತುಣುಕೊಂದು ಅಧಿಕೃತವಾಗಿ ಕೇಳಿಸಿದ್ದು ಡಾಕ್ಟರ್ ಪೆಪ್ಪರ್ ತಂಪು ಪಾನೀಯದ ಜಾಹೀರಾತಿನಲ್ಲಿ. 2008ರಲ್ಲಿ ಅದೇ ಡ್ರೇ ಹೆಸರಿನ ‘ಬೀಟ್ಸ್’ ಹೆಡ್‌ಫೋನ್ ಬಂತು, 2014ರಲ್ಲಿ ಆಪಲ್ ಕಂಪನಿ ಆ ವ್ಯವಹಾರವನ್ನು 300 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಡ್ರೇ, ಡಿಟಾಕ್ಸ್ ಚೆನ್ನಾಗಿ ಬಂದಿರಲಿಲ್ಲ, ಕೈಬಿಟ್ಟೆ ಅಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ? ಇಲ್ಲಿ ಕೂಸು ಹುಟ್ಟಲೇ ಇಲ್ಲ, ಕುಲಾವಿ 300 ಕೋಟಿಗೆ ಹೋಯ್ತು. ಅದೂ ತಲೆ ಮೇಲೆ ಹಾಕಿಕೊಳ್ಳುವಂಥದ್ದೇ.

ಇಲ್ಲಿಂದಾಚೆ ತಮಾಷೆ ಯಾವುದು, ಸಾಮಾನು ಯಾವುದು ಅಂತ ಬಿಡಿಸೋದೇ ಕಷ್ಟ. ಸ್ನೂಪ್ ಡಾಗ್ 2012ರಲ್ಲಿ ತನ್ನ ಹಾಡುಗಳನ್ನು ಸಿಗರೇಟು ಸುತ್ತುವ ಕಾಗದದಲ್ಲೇ ಅಚ್ಚು ಹಾಕಿಸಿ ಪುಸ್ತಕ ಮಾಡಿದ, ಓದಿ ಸೇದಿಬಿಡಬಹುದು. 2020ರಲ್ಲಿ ಟ್ರಾವಿಸ್ ಸ್ಕಾಟ್ ಹೆಸರಲ್ಲಿ ಮೆಕ್‌ಡೊನಾಲ್ಡ್ಸ್ ಊಟ ಬಂತು. ಜೊತೆಗೆ ಅಲ್ಲಿನ ಕೋಳಿ ತುಂಡಿನ ಆಕಾರದ, ಮನುಷ್ಯ ತಬ್ಬಿ ಮಲಗುವಷ್ಟು ದೊಡ್ಡ ದಿಂಬು, ಬೆಲೆ 90 ಡಾಲರ್. ಇವರು ಒಂದು ಮಟ್ಟಿಗೆ ಗೆದ್ದವರೇ. ಹ್ಯಾಮರ್ ಕಾಲದಲ್ಲಿ ಹಾಡುವವನನ್ನು ಇಟ್ಟುಕೊಂಡು ಯಾರೋ ಗೊಂಬೆ ಮಾಡುತ್ತಿದ್ದರು, ಈಗ ಹಾಡುವವರೇ ಪಾಲುದಾರರು. ಆದರೆ ನಗುವ ಕೆಲಸವನ್ನೂ ಕಂಪನಿಯೇ ವಹಿಸಿಕೊಂಡುಬಿಟ್ಟರೆ ಅಣಕ ಮಾಡುವವನಿಗೆ ಏನು ಉಳಿಯುತ್ತೆ? ಕಂಡೀಫನ ಟೋಪಿಯ ಕೆಳಗೆ ಒಂದು ತಲೆ ಇತ್ತು, ತಲೆಯಲ್ಲಿ ಬಿಸಿಲಿನ ನೆನಪಿತ್ತು. ಕೋಳಿ ದಿಂಬಿನೊಳಗೆ ಇರೋದು ಬರೀ ಹತ್ತಿ.

ಕ್ಯಾಜ್‌ನ ಲೆಕ್ಕ ಇನ್ನೂ ಬಾಕಿ ಇದೆ. ಅವನ ನೋಟ್‌ಬುಕ್ ಒಪ್ಪಿಸಿದ ಹ್ಯಾಂಕ್ 2014ರಲ್ಲಿ ತೀರಿಕೊಂಡ. ಕ್ಯಾಜ್ ಮುಂದೆ ನ್ಯೂಯಾರ್ಕಿನಲ್ಲಿ ಹಿಪ್‌ಹಾಪ್ ಹುಟ್ಟಿದ ಬೀದಿಗಳನ್ನು ತೋರಿಸುವ ಬಸ್ ಪ್ರವಾಸದಲ್ಲಿ ಗೈಡ್ ಆದ. ಜಗತ್ತಿನ ಮೂಲೆಮೂಲೆಯಿಂದ ಬಂದವರು ಟಿಕೆಟ್ ತಗೊಂಡು ಬಸ್ಸಿನಲ್ಲಿ ಕೂರ್ತಾರೆ, ಇವನು ಮೈಕ್ ಹಿಡಿದು ಕಥೆ ಹೇಳ್ತಾನೆ. ಹಿಪ್‌ಹಾಪಿನಿಂದ ಹುಟ್ಟಿದ ಸಾಮಾನುಗಳ ಪಟ್ಟಿಯಲ್ಲಿ ಆ ಟಿಕೆಟ್ಟನ್ನೂ ಸೇರಿಸಿಕೊಳ್ಳಿ. ಆ ಹಾಡಿನಿಂದ ಅವನಿಗೆ ಬರಬೇಕಾಗಿದ್ದದ್ದು ಎಷ್ಟೋ. ಆದರೆ ಆ ಬಸ್ಸಿನೊಳಗೆ ಅವನ ಮಾತನ್ನು ಇನ್ನೊಬ್ಬರು ಎತ್ತಿಕೊಂಡು ಹೇಳೋದಿಲ್ಲ, ಅವನೇ ಹೇಳ್ತಾನೆ.